ಹಳೇ ವಿಳಾಸದ ಋಣ

ಅಂಗಡಿಗೆ ಬಣ್ಣ ಬಳಿಯುವುದು ಬೇರೆ, ಅಂಗಡಿಯನ್ನೇ ಇನ್ನೊಂದು ಬೀದಿಗೆ ಸಾಗಿಸುವುದು ಬೇರೆ. ಬಣ್ಣ ಬಳಿಯುತ್ತಿದ್ದರೆ ಗಿರಾಕಿ ನಾಲ್ಕು ದಿನ ವಾಸನೆ ಸಹಿಸಿಕೊಂಡು ಬರುತ್ತಾನೆ. ಸಾಗಿಸಿದರೆ ಹಾಗಲ್ಲ, ಹಳೇ ಬಾಗಿಲಿಗೆ ಒಂದು ಚೀಟಿ ಅಂಟಿಸಲೇಬೇಕು: ‘ನಮ್ಮ ಅಂಗಡಿ ಈಗ ಇಂಥ ಕಡೆ ಇದೆ’. ಇದನ್ನು ಯಾವ ವ್ಯಾಪಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ವ್ಯಾಪಾರಿ ತನ್ನ ಹಳೇ ವೆಬ್‌ಸೈಟನ್ನು ಹೊಸದಾಗಿ ಮಾಡಿಸುವಾಗ ಮಾತ್ರ ಅದು ಬರೀ ಬಣ್ಣದ ಕೆಲಸ ಎಂದು ನಂಬಿರುತ್ತಾನೆ. ಮಾಡಿಕೊಡುವವರೂ ಹಾಗೆಯೇ ನಂಬಿಸಿರುತ್ತಾರೆ. ನಿಜದಲ್ಲಿ ಆಗುತ್ತಿರುವುದು ಸಾಗಾಟ. ಅದೂ ಚೀಟಿ ಅಂಟಿಸದೆ, ರಾತ್ರೋರಾತ್ರಿ.

ಈ ಬರಹದಲ್ಲಿ ನನ್ನ ವಾದ ಒಂದೇ. ವೆಬ್‌ಸೈಟ್ ನವೀಕರಣದ ಮೊದಲ ಕೆಲಸ ವಿನ್ಯಾಸವಲ್ಲ, ಹಳೇ ವಿಳಾಸಗಳ ಪಟ್ಟಿ. ಆ ಪಟ್ಟಿ ಇಲ್ಲದೆ ಕೆಲಸ ಶುರು ಮಾಡುವವರಿಗೆ ಮುಂಗಡ ಕೊಡಬೇಡಿ. ಗೂಗಲ್‌ನಲ್ಲಿ ಎಷ್ಟನೇ ಸಾಲಿಗೆ ಬರುತ್ತೇವೆ ಎನ್ನುವುದು ಆಮೇಲಿನ ಮಾತು. ನಮ್ಮನ್ನು ಈಗಾಗಲೇ ಬಲ್ಲವರಿಗೆ ಬಾಗಿಲು ಮುಚ್ಚದಿರುವುದು ಮೊದಲ ಮಾತು. ಮೊದಲನೆಯದನ್ನು ನೋಡಿಕೊಂಡರೆ ಎರಡನೆಯದು ಬಹುಮಟ್ಟಿಗೆ ತಾನಾಗಿ ಉಳಿಯುತ್ತದೆ.

ಒಂದು ಊರನ್ನು ಎದುರಿಗಿಟ್ಟುಕೊಂಡು ಮಾತಾಡೋಣ. ನಾಶಿಕ್ ಜಿಲ್ಲೆಯ ಇಗತ್‌ಪುರಿ ತಾಲೂಕಿನಲ್ಲಿ ಘೋಟಿ ಎಂಬ ಪೇಟೆಯಿದೆ. ಮುಂಬೈ–ಆಗ್ರಾ ಹೆದ್ದಾರಿಯ ಮೇಲಿನ ಊರು. ಸಹ್ಯಾದ್ರಿಯ ಮಳೆ ಧಾರಾಳವಾಗಿ ಬೀಳುವ ಸೀಮೆಯಾದ್ದರಿಂದ ಸುತ್ತಮುತ್ತ ಭತ್ತ ಬೆಳೆಯುತ್ತಾರೆ, ಊರಲ್ಲಿ ಅಕ್ಕಿ ಗಿರಣಿಗಳಿವೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರಿನ ಕಳಸೂಬಾಯಿಯನ್ನು ಹತ್ತಲು ಮುಂಬೈ ಕಡೆಯಿಂದ ಬರುವವರು ಸಾಮಾನ್ಯವಾಗಿ ಈ ಊರನ್ನು ಹಾದೇ ಹೋಗುತ್ತಾರೆ. ಇಂಥ ಊರಿನ ಒಂದು ಗಿರಣಿಯನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಇದು ಉದಾಹರಣೆಗಾಗಿ ಕಟ್ಟಿದ ಗಿರಣಿ. ಹದಿಮೂರು ವರ್ಷದ ಹಿಂದೆ ಮಾಲೀಕರ ಸಂಬಂಧಿಕ ಹುಡುಗನೊಬ್ಬ ಮಾಡಿಕೊಟ್ಟ ವೆಬ್‌ಸೈಟು. ಹಸಿರು ಹಿನ್ನೆಲೆಯ ಮೇಲೆ ಹಳದಿ ಅಕ್ಷರ, ಮೇಲೆ ಓಡುವ ಸಾಲು, ಕೆಳಗೆ ‘ನೀವು ಇಷ್ಟನೇ ಭೇಟಿಗಾರರು’ ಎಂಬ ಲೆಕ್ಕ. ಮೊಬೈಲಿನಲ್ಲಿ ತೆರೆದರೆ ಅಕ್ಷರ ಇರುವೆಯಷ್ಟು. ಮಗಳು ಕಾಲೇಜು ಮುಗಿಸಿ ಬಂದವಳು ಹೇಳುತ್ತಾಳೆ: “ಅಪ್ಪಾ, ಇದನ್ನು ನೋಡಿದರೆ ನಾಚಿಕೆಯಾಗುತ್ತೆ.” ಅವಳು ಹೇಳುವುದು ಸರಿಯೇ.

ಆದರೆ ಆ ನಾಚಿಕೆಗೇಡಿನ ವೆಬ್‌ಸೈಟಿನಲ್ಲಿ ಒಂದು ಪುಟವಿದೆ. ಇಂದ್ರಾಯಣಿ ಅಕ್ಕಿಗೂ ಕೋಲಂ ಅಕ್ಕಿಗೂ ಏನು ವ್ಯತ್ಯಾಸ, ಯಾವುದು ಹಳೆಯದಾದಷ್ಟೂ ಒಳ್ಳೆಯದು, ಐವತ್ತು ಕಿಲೋ ಚೀಲವನ್ನು ಹೇಗೆ ಇಡಬೇಕು ಎಂದು ಮಾಲೀಕರೇ ಹೇಳಿ ಬರೆಸಿದ ನಾಲ್ಕು ಪ್ಯಾರಾ. ಯಾವುದೋ ಅಡುಗೆ ಬ್ಲಾಗಿನವರು ಆ ಪುಟಕ್ಕೆ ಕೊಂಡಿ ಕೊಟ್ಟಿದ್ದಾರೆ. ಛತ್ರಪತಿ ಸಂಭಾಜಿನಗರದ ಕಿರಾಣಿ ವ್ಯಾಪಾರಿಯೊಬ್ಬ ಅದನ್ನು ವಾಟ್ಸಾಪಿನಲ್ಲಿ ನಾಲ್ಕು ಜನಕ್ಕೆ ಕಳಿಸಿದ್ದಾನೆ. ಜೋಳ, ಹತ್ತಿಯ ಸೀಮೆಯಾದ ಮರಾಠವಾಡದಲ್ಲಿ ಘೋಟಿಯ ಅಕ್ಕಿ ಹುಡುಕುವವನಿಗೆ ಗೂಗಲ್ ಮೊದಲು ತೋರಿಸುವುದು ಆ ಪುಟವನ್ನು. ತಿಂಗಳಿಗೆ ಹತ್ತೋ ಹದಿನೈದೋ ಫೋನು ಬರುವುದು ಅಲ್ಲಿಂದ. ಮಾಲೀಕರಿಗೆ ಫೋನು ಬರುವುದು ಗೊತ್ತು, ಎಲ್ಲಿಂದ ಎನ್ನುವುದು ಗೊತ್ತಿಲ್ಲ.

ಹೊಸ ವೆಬ್‌ಸೈಟು ಬರುತ್ತದೆ. ದೊಡ್ಡ ಫೋಟೋ, ಗದ್ದೆಯ ಮೇಲೆ ಡ್ರೋನ್ ಹಾರಿಸಿದ ವಿಡಿಯೊ, ‘ಗುಣಮಟ್ಟವೇ ನಮ್ಮ ಪರಂಪರೆ’ ಎಂಬ ಸಾಲು. ನಾಲ್ಕು ಪ್ಯಾರಾದ ಪುಟ ‘ತುಂಬಾ ಉದ್ದ’ ಎಂದು ಹೋಗಿದೆ. ಉಳಿದ ಪುಟಗಳ ವಿಳಾಸವೆಲ್ಲ ಬದಲಾಗಿದೆ. ಎಲ್ಲರೂ ಮೆಚ್ಚುತ್ತಾರೆ. ಎರಡು ತಿಂಗಳಲ್ಲಿ ಫೋನು ಕಡಿಮೆಯಾಗುತ್ತದೆ. ಮಾಲೀಕರು ಮಳೆಯನ್ನೋ ಮಾರುಕಟ್ಟೆಯನ್ನೋ ದೂರುತ್ತಾರೆ. ಈ ನಷ್ಟಕ್ಕೆ ರಸೀದಿ ಇಲ್ಲ, ಆದ್ದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದು ಯಾಕೆ ಹೀಗಾಗುತ್ತದೆ? ಸರ್ಚ್ ಎಂಜಿನ್‌ಗೆ ನಿಮ್ಮ ಗಿರಣಿ ಗೊತ್ತಿಲ್ಲ, ನಿಮ್ಮ ಪುಟಗಳ ವಿಳಾಸ ಗೊತ್ತು. ಅದರ ಖಾತೆ ಪುಸ್ತಕದಲ್ಲಿ ಒಂದೊಂದು ವಿಳಾಸಕ್ಕೆ ಒಂದೊಂದು ಪುಟ. ಅಲ್ಲಿ ಏನು ಬರೆದಿದೆ, ಯಾರು ಯಾರು ಅದಕ್ಕೆ ಕೊಂಡಿ ಕೊಟ್ಟಿದ್ದಾರೆ ಎನ್ನುವುದೆಲ್ಲ ಆ ವಿಳಾಸದ ಹೆಸರಿಗೆ ಜಮೆಯಾಗಿರುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ಬದಲಾದರೂ ಅದರ ಪಾಲಿಗೆ ಅದು ಹೊಸ ಖಾತೆ. ಹಳೇ ವಿಳಾಸಕ್ಕೆ ಹೋದರೆ 404, ಅಂದರೆ ‘ಇಲ್ಲಿ ಏನೂ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಕೆಲವು ಸಲ ಬಂದು ನೋಡಿ, ಇಲ್ಲ ಎಂದು ಖಾತ್ರಿಯಾದ ಮೇಲೆ ಅದು ಆ ಖಾತೆಯನ್ನು ಮುಚ್ಚುತ್ತದೆ.

ಇದಕ್ಕೆ ಪರಿಹಾರ ಕಂಡುಹಿಡಿದು ದಶಕಗಳಾದವು. ಊರು ಬಿಟ್ಟವರು ಅಂಚೆ ಕಚೇರಿಗೆ ಹೋಗಿ ‘ನನ್ನ ಕಾಗದಗಳನ್ನು ಈ ಹೊಸ ವಿಳಾಸಕ್ಕೆ ಕಳಿಸಿ’ ಎಂದು ಬರೆದುಕೊಟ್ಟು ಬರುತ್ತಿದ್ದರಲ್ಲ, ಅಂಥದ್ದೇ. ವೆಬ್‌ನಲ್ಲಿ ಅದರ ಸಂಖ್ಯೆ 301, ಅರ್ಥ ‘ಶಾಶ್ವತವಾಗಿ ಸ್ಥಳಾಂತರಗೊಂಡಿದೆ’. ಹಳೇ ವಿಳಾಸಕ್ಕೆ ಬಂದವರನ್ನು ಸರ್ವರ್ ತಾನಾಗಿ ಹೊಸ ವಿಳಾಸಕ್ಕೆ ಕರೆದೊಯ್ಯುತ್ತದೆ. ಬಂದವರು ಮನುಷ್ಯರಾದರೆ ಅವರಿಗೆ ಗೊತ್ತೂ ಆಗುವುದಿಲ್ಲ. ಗೂಗಲ್ ಆದರೆ ಹಳೇ ಖಾತೆಯ ಜಮೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳುತ್ತದೆ. ಇಂಥ ರೀಡೈರೆಕ್ಟನ್ನು ಸಾಧ್ಯವಾದಷ್ಟು ಕಾಲ, ಕನಿಷ್ಠ 1 ವರ್ಷವಾದರೂ ಇಟ್ಟಿರಿ ಎಂದು ಗೂಗಲೇ ಹೇಳುತ್ತದೆ. ನನ್ನ ಮಾತು ಕೇಳಿದರೆ, ಎಂದಿಗೂ ತೆಗೆಯಬೇಡಿ. ಸರ್ವರಿನಲ್ಲಿ ಒಂದು ಸಾಲು ಉಳಿಸಿಕೊಳ್ಳಲು ಖರ್ಚೇನಿಲ್ಲ. ಐದು ವರ್ಷದ ಹಿಂದೆ ಯಾರೋ ಡೈರಿಯಲ್ಲಿ ಬರೆದಿಟ್ಟ ವಿಳಾಸಕ್ಕೆ ಗೂಗಲ್‌ನ ಗಡುವು ಗೊತ್ತಿರುವುದಿಲ್ಲ.

ಘೋಟಿಯ ಸೀಮೆಯವರಿಗೆ ಇದನ್ನು ರಸ್ತೆಯ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾದೀತು. ನಾಗಪುರದಿಂದ ಮುಂಬೈ ಕಡೆಗೆ ಬರುವ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ಹಂತಹಂತವಾಗಿ ತೆರೆಯಿತು. 2022ರ ಡಿಸೆಂಬರಿನಲ್ಲಿ ಶಿರಡಿವರೆಗೆ, 2024ರ ಮಾರ್ಚಿನಲ್ಲಿ ಇಗತ್‌ಪುರಿವರೆಗೆ, 2025ರ ಜೂನ್ 5ರಂದು ಇಗತ್‌ಪುರಿಯಿಂದ ಆಮಣೆಯ ಕೊನೆಯ 76 ಕಿಲೋಮೀಟರ್. ಸಂಭಾಜಿನಗರದಿಂದ ಮುಂಬೈಗೆ ಹೋಗುವ ಕಾರು ಈಗ ಹಳೇ ಪೇಟೆಗಳೊಳಗೆ ಇಳಿಯಬೇಕಿಲ್ಲ. ಇಂಥ ದಾರಿ ಬಂದಾಗ ಹಳೇ ರಸ್ತೆಯ ಬದಿಯ ಹೋಟೆಲು, ಪಂಕ್ಚರ್ ಅಂಗಡಿಯವರಿಗೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕರಾವಳಿಯಿಂದ ಹೋಗಿ ಮಹಾರಾಷ್ಟ್ರದ ಊರೂರಲ್ಲಿ ಹೋಟೆಲು ನಡೆಸಿದ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ! ಬೈಪಾಸ್ ಬಂದರೆ ರುಚಿ ಹಾಳಾಗುವುದಿಲ್ಲ, ಗಿರಾಕಿ ಬರುವ ದಾರಿ ಹಾಳಾಗುತ್ತದೆ. ಆದರೆ ಹೆದ್ದಾರಿ ಎಲ್ಲಿ ಹೋಗಬೇಕೆಂಬುದು ಹೋಟೆಲಿನವರ ಕೈಯಲ್ಲಿಲ್ಲ. ವೆಬ್‌ಸೈಟಿನ ದಾರಿ ಪೂರ್ತಿ ನಿಮ್ಮ ಕೈಯಲ್ಲಿದೆ. ನಿಮ್ಮದೇ ಹೋಟೆಲಿಗೆ ನೀವೇ ಬೈಪಾಸ್ ಹಾಕಿ, ತಿರುವಿನಲ್ಲಿ ಫಲಕವನ್ನೂ ನೆಡದೆ ಬಂದರೆ ಯಾರನ್ನು ದೂರುವುದು?

ದಾರಿಯಷ್ಟೇ ಅಲ್ಲ, ಊರಿನ ಹೆಸರೂ ಬದಲಾಗುತ್ತದೆ. ವ್ಯಾಪಾರದ ವೆಬ್‌ಸೈಟಿಗೆ ಇದು ಇನ್ನೊಂದು ಪರೀಕ್ಷೆ. ಔರಂಗಾಬಾದ್ 2023ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಯಿತು. ಅಲ್ಲಿನ ಟ್ಯಾಕ್ಸಿಯವನೋ ಹಿಮ್ರೂ ನೇಯ್ಗೆಯ ಅಂಗಡಿಯವನೋ ತನ್ನ ವೆಬ್‌ಸೈಟನ್ನು ನವೀಕರಿಸುವಾಗ ಹಳೇ ಹೆಸರನ್ನು ಎಲ್ಲ ಕಡೆಯಿಂದ ಒರೆಸಿ ಹೊಸದನ್ನು ಹಾಕಿದ ಎಂದಿಟ್ಟುಕೊಳ್ಳಿ. ಕಾನೂನಿನ ಪ್ರಕಾರ ಸರಿ. ಆದರೆ ಎಲ್ಲೋರ ನೋಡಲು ಬರುವ ಪ್ರವಾಸಿಯ ಕೈಯಲ್ಲಿರುವುದು ಹಳೇ ಪುಸ್ತಕ, ಬಾಯಲ್ಲಿರುವುದು ಹಳೇ ಹೆಸರು. ಅವನು ಹುಡುಕುವುದು ‘ಔರಂಗಾಬಾದ್ ಟ್ಯಾಕ್ಸಿ’ ಎಂದು. ಬಿಹಾರದಲ್ಲೂ ಒಂದು ಔರಂಗಾಬಾದ್ ಇದೆ. ಹಳೇ ಹೆಸರನ್ನು ಬಿಟ್ಟುಕೊಟ್ಟರೆ ಅದರ ಫಲ ಅಲ್ಲಿನವರಿಗೆ.

ಈ ಪಾಡು ನಮಗೆ ಹೊಸದಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರು ಕನ್ನಡದಲ್ಲಿ ಎಂದಿನಿಂದಲೂ ಹಾಗೆಯೇ ಇದ್ದವು. ಬದಲಾದದ್ದು ಇಂಗ್ಲಿಷಿನ ಕಾಗುಣಿತ. ಬಿಜಾಪುರ ವಿಜಯಪುರವಾದದ್ದು, ಗುಲ್ಬರ್ಗ ಕಲಬುರಗಿಯಾದದ್ದು ಕನ್ನಡಕ್ಕೂ ಬದಲಾವಣೆಯೇ. ಛತ್ತೀಸಗಢದಲ್ಲಿ ಬಿಜಾಪುರ ಎಂಬ ಜಿಲ್ಲೆ ಇಂದಿಗೂ ಇದೆ. ಬ್ಯಾಂಗಲೋರ್ ಯೂನಿವರ್ಸಿಟಿ ಇಂಗ್ಲಿಷಿನಲ್ಲಿ ಹಳೇ ಕಾಗುಣಿತವನ್ನೇ ಉಳಿಸಿಕೊಂಡಿತು. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರು ಬದಲಾಗಲಿಲ್ಲ. ಹುಬ್ಬಳ್ಳಿಯ ರೈಲು ನಿಲ್ದಾಣದ ಸಂಕೇತ ಇಂದಿಗೂ ಯುಬಿಎಲ್. ಹೊಸ ಹೆಸರಿಗೆ ಗೌರವ ಕೊಡುವುದಕ್ಕೂ ಹಳೇ ಹೆಸರಿನಿಂದ ಬಂದವರನ್ನು ಬರಮಾಡಿಕೊಳ್ಳುವುದಕ್ಕೂ ಜಗಳವಿಲ್ಲ. ‘ಛತ್ರಪತಿ ಸಂಭಾಜಿನಗರ, ಹಿಂದಿನ ಔರಂಗಾಬಾದ್’ ಎಂದು ಒಂದು ಸಲ ಬರೆದರೆ ಇಬ್ಬರಿಗೂ ಬಾಗಿಲು ತೆರೆದಂತೆ.

ಇದರಲ್ಲಿ ಅಂಚೆ ಇಲಾಖೆಯಿಂದ ಕಲಿಯುವುದಿದೆ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಅದರಲ್ಲಿ ಊರಿನ ಹೆಸರೇ ಇಲ್ಲ, ಬರೀ ಆರು ಅಂಕಿ. ಅದಕ್ಕೇ ಊರಿನ ಹೆಸರು ಬದಲಾದರೂ 560001 ಬದಲಾಗಲಿಲ್ಲ, 431001 ಬದಲಾಗಲಿಲ್ಲ. ಬದಲಾಗುವಂಥದ್ದನ್ನು ವಿಳಾಸದೊಳಗೆ ಸೇರಿಸಬೇಡಿ ಎನ್ನುವುದೇ ಇದರ ಪಾಠ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಒಂದು ಪುಟ್ಟ ಲೇಖನವಾಗಿ ಬರೆದರು. ಪುಟದ ವಿಳಾಸದಲ್ಲಿ ಅದನ್ನು ಮಾಡಿದ ತಂತ್ರಾಂಶದ ಹೆಸರು, ಬರೆದವರ ಹೆಸರು, ಆ ಹೊತ್ತಿನ ವಿಭಾಗದ ಹೆಸರು ಇದ್ದರೆ ನಾಳೆ ಅವು ಬದಲಾದಾಗ ವಿಳಾಸವೂ ಸಾಯುತ್ತದೆ ಎನ್ನುವುದು ಅವರ ವಾದ. ಹೊಸ ವೆಬ್‌ಸೈಟು ಮಾಡಿಸುವವರು ಹಳೇ ವಿಳಾಸಗಳನ್ನು ಉಳಿಸುವುದರ ಜೊತೆಗೆ, ಹೊಸ ವಿಳಾಸಗಳು ಮುಂದಿನ ನವೀಕರಣದಲ್ಲಿ ಸಾಯದಂತೆಯೂ ಇಡಬೇಕು.

ಇಷ್ಟು ಹೇಳಿದರೆ ಕೆಲವರು ಹೆದರಿ ‘ಹಾಗಾದರೆ ಹಳೆಯದೇ ಇರಲಿ ಬಿಡಿ’ ಎನ್ನುತ್ತಾರೆ. ಅದೂ ತಪ್ಪು. ಮೊಬೈಲಿನಲ್ಲಿ ಸರಿಯಾಗಿ ಕಾಣದ ಪುಟಗಳನ್ನು ಮೊಬೈಲಿನ ಹುಡುಕಾಟದಲ್ಲಿ ಹಿಂದೆ ಸರಿಸುವ ಕ್ರಮವನ್ನು ಗೂಗಲ್ 2015ರ ಏಪ್ರಿಲ್‌ನಲ್ಲೇ ತಂದಿತು. ವೆಬ್‌ಸೈಟಿನ ಮೊಬೈಲ್ ರೂಪವನ್ನೇ ಮುಖ್ಯವೆಂದು ಓದುವ ಪದ್ಧತಿಗೆ ಪೂರ್ತಿ ಬದಲಾದದ್ದಾಗಿ 2023ರ ಅಕ್ಟೋಬರಿನಲ್ಲಿ ಹೇಳಿತು. ಇರುವೆಯಷ್ಟು ಅಕ್ಷರದ ಗಿರಣಿಯ ಸೈಟು ಇಂದಲ್ಲ ನಾಳೆ ತಾನಾಗಿ ಹಿಂದೆ ಬೀಳುತ್ತದೆ. ಕನ್ನಡದಲ್ಲಂತೂ ಇನ್ನೂ ದೊಡ್ಡ ಕಾರಣವಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಮಾಡಿದ ಎಷ್ಟೋ ಕನ್ನಡ ಸೈಟುಗಳಲ್ಲಿ ಅಕ್ಷರಗಳೆಲ್ಲ ಹಳೇ ಫಾಂಟಿನ ಸಂಕೇತಗಳು, ಇಲ್ಲವೇ ಚಿತ್ರಗಳು. ನಮ್ಮ ಕಣ್ಣಿಗೆ ಅದು ಕನ್ನಡ, ಸರ್ಚ್ ಎಂಜಿನ್‌ಗೆ ಅರ್ಥವಿಲ್ಲದ ಗೀಚು. ಅಂಥದ್ದನ್ನು ಯೂನಿಕೋಡಿಗೆ ತರುವುದು ಸತ್ತ ಪುಟಕ್ಕೆ ಜೀವ ಕೊಟ್ಟಂತೆ. ಹಾಗಾಗಿ ಬದಲಾಯಿಸಿ. ಮನೆ ಕೆಡವಿ ಕಟ್ಟುವಾಗ ಬಾವಿಯನ್ನು ಮುಚ್ಚಬೇಡಿ ಎಂದಷ್ಟೇ ನಾನು ಹೇಳುವುದು.

ಇನ್ನೊಂದು ಆಕ್ಷೇಪವೂ ಬರುತ್ತದೆ: ಇದೆಲ್ಲ ಎಸ್‌ಇಒ ದಂಧೆಯವರು ಹುಟ್ಟಿಸುವ ಭಯ ಎಂದು. ಆ ಸಿಟ್ಟಿಗೆ ಕಾರಣವಿದೆ. ‘ನಿಮ್ಮನ್ನು ಮೊದಲ ಸ್ಥಾನಕ್ಕೆ ತರುತ್ತೇವೆ, ಗ್ಯಾರಂಟಿ’ ಎಂದು ದಿನಕ್ಕೆ ನಾಲ್ಕು ಇಮೇಲು ಬರುವ ಕಾಲವಿದು. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲೇ ವ್ಯಾಪಾರಿಗಳಿಗೆ ಎಚ್ಚರಿಕೆ ಹೇಳಿದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಹೊಸ ವಿಳಾಸಗಳನ್ನು ಗುರುತಿಸಲು ಅದಕ್ಕೆ ಕೆಲವು ವಾರ ಬೇಕು, ಆ ಹೊತ್ತಿನಲ್ಲಿ ಏರಿಳಿತ ಸಹಜ. ‘ಒಂದಿಷ್ಟೂ ಅಲುಗಾಡುವುದಿಲ್ಲ’ ಎನ್ನುವವರನ್ನು ನಂಬಬೇಡಿ. ಆದರೆ ನಾನು ಹೇಳುತ್ತಿರುವ ಕೆಲಸದಲ್ಲಿ ಮಂತ್ರತಂತ್ರವೇನೂ ಇಲ್ಲ. ಅದು ಗುಮಾಸ್ತನ ಕೆಲಸ, ಒಂದು ದಿನದ ಕೂಲಿ.

ಅದು ಹೀಗಿದೆ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಕಳೆದ 16 ತಿಂಗಳ ಲೆಕ್ಕ ಸಿಗುತ್ತದೆ: ಯಾವ ಪುಟಕ್ಕೆ, ಏನು ಹುಡುಕಿ, ಎಷ್ಟು ಜನ ಬಂದರು ಎಂದು. ಹಳೇ ಸೈಟಿಗೆ ಅದನ್ನು ಜೋಡಿಸಿರದಿದ್ದರೆ ಇವತ್ತೇ ಜೋಡಿಸಿ, ಎರಡು ಮೂರು ತಿಂಗಳ ಲೆಕ್ಕ ಸೇರಲಿ. ಹಳೇ ಸೈಟಿನ ಅಷ್ಟೂ ವಿಳಾಸಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಎಡಕ್ಕೆ ಬರೆಯಿರಿ, ಬಲಕ್ಕೆ ಹೊಸ ವಿಳಾಸ. ಅಕ್ಕಿಯ ಪುಟ ಅಕ್ಕಿಯ ಪುಟಕ್ಕೆ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಸೋಮಾರಿಗಳ ಉಪಾಯ. ಗೂಗಲ್ ಅದನ್ನು ‘ಇಲ್ಲ’ ಎಂಬ ಉತ್ತರವೆಂದೇ ಎಣಿಸಬಹುದು, ಬಂದ ಗಿರಾಕಿಯಂತೂ ಹಾಗೆಯೇ ಎಣಿಸುತ್ತಾನೆ. ಜನ ಓದುತ್ತಿರುವ ಪುಟಗಳ ಬರಹವನ್ನೂ ಶೀರ್ಷಿಕೆಯನ್ನೂ ಉಳಿಸಿಕೊಳ್ಳಿ. ಅಂಗಿ ಹೊಸದಾಗಲಿ, ಮಾತು ಹಳೆಯದಿರಲಿ. ಹೊಸ ಸೈಟು ತಯಾರಾಗುವಾಗ ‘ಇದನ್ನು ಗೂಗಲ್ ಓದಬಾರದು’ ಎಂಬ ಗುರುತು ಹಾಕಿರುತ್ತಾರೆ. ತೆರೆಯುವ ದಿನ ಅದನ್ನು ತೆಗೆಯಲು ಮರೆಯುವುದು ತೀರ ಸಾಮಾನ್ಯ, ನೀವೇ ಕೇಳಿ. ಡೊಮೈನ್, ವಿನ್ಯಾಸ, ಬರಹ ಮೂರನ್ನೂ ಒಂದೇ ದಿನ ಬದಲಾಯಿಸಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ. ಗಿರಾಕಿ ಕಡಿಮೆ ಇರುವ ಕಾಲ ನೋಡಿಕೊಳ್ಳಿ. ಗಿರಣಿಯವರು ಸುಗ್ಗಿಯಲ್ಲಿ, ಹೋಟೆಲಿನವರು ದೀಪಾವಳಿಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ತೆರೆದ ಮೇಲೆ ಎರಡು ತಿಂಗಳು ವಾರಕ್ಕೊಮ್ಮೆ 404ರ ಪಟ್ಟಿ ನೋಡಿ, ತಪ್ಪಿಹೋದವನ್ನು ಸೇರಿಸಿ.

ಇವೆಲ್ಲಕ್ಕಿಂತ ಮೊದಲು ಡೊಮೈನ್ ಯಾರ ಹೆಸರಿನಲ್ಲಿದೆ ನೋಡಿ. ಸೈಟು ಮಾಡಿಕೊಟ್ಟವರ ಹೆಸರಿನಲ್ಲಿ, ಅವರ ಇಮೇಲಿನಲ್ಲಿ ಇದ್ದರೆ ಅಂಗಡಿ ನಿಮ್ಮದು, ಬೀಗದ ಕೈ ಇನ್ನೊಬ್ಬರದು. ಪುಕ್ಕಟೆ ಸಿಕ್ಕ ವಿಳಾಸವೂ ಹಾಗೆಯೇ. ಸಣ್ಣ ವ್ಯಾಪಾರಿಗಳು ಫೋನಿನಲ್ಲೇ ಮಾಡಿಕೊಳ್ಳಬಹುದಾದ ಉಚಿತ ವೆಬ್‌ಸೈಟುಗಳನ್ನು ಗೂಗಲ್ ಕೆಲವು ವರ್ಷ ಕೊಟ್ಟಿತ್ತು. 2024ರ ಮಾರ್ಚಿನಲ್ಲಿ ಅವುಗಳನ್ನು ನಿಲ್ಲಿಸಿತು. ಜೂನ್ 10ರವರೆಗೆ ಹಳೇ ವಿಳಾಸಕ್ಕೆ ಬಂದವರನ್ನು ವ್ಯಾಪಾರಿಯ ಗೂಗಲ್ ಪ್ರೊಫೈಲಿಗೆ ಕಳಿಸಿತು, ಆಮೇಲೆ ಅದೂ ಇಲ್ಲ. ವಿಸಿಟಿಂಗ್ ಕಾರ್ಡಿನ ಮೇಲೆ, ಚೀಲದ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ಬಾಡಿಗೆಯಿಲ್ಲದ ಮನೆಗೆ ಕರಾರುಪತ್ರವೂ ಇರುವುದಿಲ್ಲ.

ಇದು ಬರೀ ಅಕ್ಕಿ, ಟ್ಯಾಕ್ಸಿಯ ಮಾತಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ಕನ್ನಡದ ಬರಹಗಳನ್ನು ಹುಡುಕುವವರಿಗೆ ಇದರ ಬಿಸಿ ಗೊತ್ತೇ ಇದೆ. ಕನ್ನಡ ವಿಕಿಪೀಡಿಯದ ಯಾವುದಾದರೂ ಹಳೇ ಲೇಖನದ ಕೆಳಗಿನ ಉಲ್ಲೇಖಗಳನ್ನು ಒತ್ತುತ್ತಾ ಹೋಗಿ, ಸತ್ತ ಕೊಂಡಿಗಳು ಸಿಗುತ್ತವೆ. ಪತ್ರಿಕೆಯೋ ಇಲಾಖೆಯೋ ಸಂಸ್ಥೆಯೋ ಹೊಸ ವಿನ್ಯಾಸ ಮಾಡಿಕೊಂಡಾಗ ಹಳೇ ವಿಳಾಸಗಳು ಹೋದವು. ಬರಹ ಎಲ್ಲೋ ಸರ್ವರಿನಲ್ಲಿ ಇದ್ದರೂ ಇರಬಹುದು, ಅಲ್ಲಿಗೆ ದಾರಿಯಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ ಸತ್ತರೆ ಅದೇ ವಿಷಯದ ಇನ್ನೂ ಹತ್ತು ಸಿಕ್ಕಾವು. ಕನ್ನಡದಲ್ಲಿ ಎಷ್ಟೋ ವಿಷಯಕ್ಕೆ ಇದ್ದದ್ದೇ ಒಂದು ಪುಟ.

ಆದ್ದರಿಂದ ಹೊಸ ವೆಬ್‌ಸೈಟಿಗೆ ಕೊಟೇಶನ್ ತರಿಸಿಕೊಳ್ಳುವವರು, ಅದು ಗಿರಣಿಯಿರಲಿ, ಹೋಟೆಲಿರಲಿ, ಕನ್ನಡ ಸಂಘವಿರಲಿ, ಒಂದು ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆಸಿ: ‘ಹಳೇ ಸೈಟಿನ ಪ್ರತಿ ವಿಳಾಸವೂ ಹೊಸ ಸೈಟಿನಲ್ಲಿ ಸರಿಯಾದ ಪುಟಕ್ಕೆ ತಲುಪಬೇಕು, ಇದನ್ನು ತೋರಿಸಿದ ಮೇಲೆಯೇ ಕೊನೆಯ ಕಂತು.’ ಬಣ್ಣ, ಫೋಟೋ, ಡ್ರೋನ್ ವಿಡಿಯೊ ಆಮೇಲೆ ಬರಲಿ. ಆ ಸಾಲು ಕಂಡು ಮುಖ ಸಿಂಡರಿಸುವವರಿಗೆ ಕೆಲಸ ಕೊಡಬೇಡಿ. ‘ಹಳೇ ಪಟ್ಟಿ ಕೊಡಿ, ಮೊದಲು ಅದನ್ನು ನೋಡೋಣ’ ಎನ್ನುವವರು ಸಿಕ್ಕರೆ ಅವರು ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೂ ನಷ್ಟವಿಲ್ಲ.